ಲಂಡನ್ ರೇಟಿಗೂ ನಮ್ಮ ಕಣದ ಕಾಫಿಗೂ ಏನು ಸಂಬಂಧ?

ಪ್ರಶ್ನೆ: ಕೊಡಗಿನಲ್ಲಿ ನಮಗೆ ಐದು ಎಕರೆ ರೋಬಸ್ಟಾ ತೋಟ ಇದೆ. ವರ್ಷಕ್ಕೆ 60 ಚೀಲದಷ್ಟು ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಆಗುತ್ತದೆ. 2019ರಲ್ಲಿ ಚೀಲಕ್ಕೆ 3,500 ರೂಪಾಯಿಗೆ ಕೊಟ್ಟೆವು. 2024ರಲ್ಲಿ ಅದೇ ಚೀಲ 10,000 ದಾಟಿತು. ತೋಟ ಅದೇ, ನಾವು ಮಾಡುವ ಕೆಲಸವೂ ಅದೇ. ಬ್ರೆಜಿಲ್‌ನಲ್ಲಿ ಮಳೆ ಬಂತು ಅಂತ ನಮ್ಮೂರಿನ ವ್ಯಾಪಾರಿ ರೇಟು ಇಳಿಸುತ್ತಾರೆ. ಇದು ನಿಜವಾ, ಇಲ್ಲ ನಮಗೆ ಹೇಳುವ ಕಥೆಯಾ? ಬೆಂಗಳೂರಿನಲ್ಲಿ ಒಂದು ಕಪ್ಪಿಗೆ 250 ರೂಪಾಯಿ ತೆಗೆದುಕೊಳ್ಳುತ್ತಾರಲ್ಲ, ಅದರಲ್ಲಿ ನಮ್ಮ ಪಾಲೆಷ್ಟು? ಯೂರೋಪಿನ ಕಾನೂನು ಬಂದಿದೆ, ತೋಟವನ್ನು ಫೋನಿನಲ್ಲಿ ದಾಖಲಿಸಿ ಅನ್ನುತ್ತಿದ್ದಾರೆ, ಮಾಡಬೇಕಾ? ಕಾಫಿ ಇಟ್ಟುಕೊಳ್ಳುವುದಾ, ಮಾರಿಬಿಡುವುದಾ? ಇನ್ನು ಮಗಳು ನಾವೇ ಹುರಿದು ಮಾರೋಣ ಅಂತಾಳೆ.

ಉತ್ತರ: ಬ್ರೆಜಿಲ್ ಮಳೆಯ ಮಾತು ನಿಜ. ಆದರೆ ಆ ಸುದ್ದಿ ನಿಮ್ಮ ಕಣ ಮುಟ್ಟುವ ಹೊತ್ತಿಗೆ ಎಷ್ಟು ಜನರ ಕೈ ದಾಟಿರುತ್ತದೆ, ಅಷ್ಟರಲ್ಲಿ ಯಾರು ಏನು ಮಾಡಿಕೊಂಡಿರುತ್ತಾರೆ ಅನ್ನುವುದನ್ನು ನೀವು ತಿಳಿದಿರಬೇಕು. ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ.

ಜಗತ್ತಿನ ಕಾಫಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬ್ರೆಜಿಲ್‌ನದು. ಎರಡನೆಯದು ವಿಯೆಟ್ನಾಂ. ಇಡೀ ಭಾರತದ ಪಾಲು ಶೇ 3ರಿಂದ 4ರ ನಡುವೆ. ನಮ್ಮ ದೇಶದ ಕಾಫಿಯಲ್ಲಿ ಶೇ 70ರಷ್ಟು ಕರ್ನಾಟಕದಲ್ಲೇ ಬೆಳೆಯುತ್ತದೆ, ಅದರಲ್ಲೂ ಕೊಡಗೇ ಮುಂದು. ಆದರೂ ಜಗತ್ತಿನ ಲೆಕ್ಕದಲ್ಲಿ ನಾವು ಸಣ್ಣವರು. ಬೆಳೆದದ್ದರಲ್ಲಿ ಬಹುಪಾಲು ಇಟಲಿ, ಜರ್ಮನಿ, ಬೆಲ್ಜಿಯಂ ಕಡೆಗೆ ಹೋಗುತ್ತದೆ. ಹಾಗಾಗಿ ಬೆಲೆ ನಮ್ಮಲ್ಲಿ ಹುಟ್ಟುವುದಿಲ್ಲ. ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾದ ಬೆಲೆ ನ್ಯೂಯಾರ್ಕ್‌ನಲ್ಲಿ, ರೋಬಸ್ಟಾ ಬೆಲೆ ಲಂಡನ್‌ನಲ್ಲಿ ಹುಟ್ಟುತ್ತದೆ.

ಆ ಮಾರುಕಟ್ಟೆಗಳಲ್ಲಿ ಯಾರೂ ಚೀಲ ಹೊತ್ತುಕೊಂಡು ಬರುವುದಿಲ್ಲ. ಮುಂದಿನ ತಿಂಗಳುಗಳಲ್ಲಿ ಕೊಡುವ ಕಾಫಿಯ ಒಪ್ಪಂದಗಳು ಅಲ್ಲಿ ಕೈ ಬದಲಾಯಿಸುತ್ತವೆ. ಬ್ರೆಜಿಲ್‌ನಲ್ಲಿ ಗಿಡ ಹೂ ಬಿಡುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ಅಲ್ಲಿ ಒಳ್ಳೆ ಹೂಮಳೆ ಬಿದ್ದರೆ ಮುಂದಿನ ವರ್ಷ ಬೆಳೆ ಚೆನ್ನಾಗಿ ಬರುತ್ತದೆ ಅಂತ ಲಂಡನ್‌ನಲ್ಲಿ ಅಂದೇ ಬೆಲೆ ಇಳಿಯುತ್ತದೆ. ಹಿಮ ಬಿದ್ದರೆ ಉಲ್ಟಾ. 1975ರ ಜುಲೈನಲ್ಲಿ ಪರಾನಾ ರಾಜ್ಯದಲ್ಲಿ ಬಿದ್ದ ಹಿಮಕ್ಕೆ ಕೋಟಿಗಟ್ಟಲೆ ಗಿಡ ಸುಟ್ಟುಹೋದವು. ಜಗತ್ತಿನ ಬೆಲೆ ಹಾರಿತು. ಆ ರಾಜ್ಯದ ಕಾಫಿ ಮತ್ತೆ ಹಿಂದಿನ ಮಟ್ಟಕ್ಕೆ ಬರಲೇ ಇಲ್ಲ. 1994ರಲ್ಲಿ, 2021ರಲ್ಲಿ ಮತ್ತೆ ಹಿಮ ಬಿತ್ತು, ಮತ್ತೆ ಬೆಲೆ ಏರಿತು. ಮಳೆ, ಹಿಮ ಮಾತ್ರ ಅಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ಬ್ರೆಜಿಲ್ ಕಾಫಿಯ ಮೇಲೆ ಶೇ 50 ಸುಂಕ ಹಾಕಿತು, ನವೆಂಬರ್‌ನಲ್ಲಿ ತೆಗೆಯಿತು. ಆ ಮೂರು ತಿಂಗಳೂ ಮಾರುಕಟ್ಟೆ ಕುಣಿಯಿತು.

ಇನ್ನು ಲಂಡನ್ ರೇಟು ನಿಮ್ಮ ಕಣಕ್ಕೆ ಹೇಗೆ ಬರುತ್ತದೆ ನೋಡಿ. ಈ ಲೆಕ್ಕವನ್ನು ನಿಮ್ಮ ಫೋನಿನಲ್ಲೇ ಮಾಡಬಹುದು. ಲಂಡನ್‌ನಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ಅಂತ ಇಟ್ಟುಕೊಳ್ಳಿ. ಅಂದರೆ ಕಿಲೋಗೆ 5 ಡಾಲರ್. ಡಾಲರ್ 84 ರೂಪಾಯಿ ಇದ್ದರೆ ಕಿಲೋ ಕ್ಲೀನ್ ಕಾಫಿಗೆ, ಅಂದರೆ ಸಿಪ್ಪೆ ತೆಗೆದ ಬೀಜಕ್ಕೆ, 420 ರೂಪಾಯಿ. ನಿಮ್ಮ 50 ಕಿಲೋ ಚೆರ್ರಿ ಚೀಲದಲ್ಲಿ ಸಿಪ್ಪೆ ತೆಗೆದ ಮೇಲೆ 26 ಕಿಲೋ ಬೀಜ ಸಿಗುತ್ತದೆ ಅಂದರೆ ಔಟ್‌ಟರ್ನ್ 26. 420ನ್ನು 26ರಿಂದ ಗುಣಿಸಿ: 10,920. ಇದರಲ್ಲಿ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕೆಲಸ), ಸಾಗಣೆ, ರಫ್ತುದಾರರ ಮತ್ತು ವ್ಯಾಪಾರಿಯ ಪಾಲು ಕಳೆಯಬೇಕು. ಕೆಲವು ಸಲ ನಮ್ಮ ರೋಬಸ್ಟಾಕ್ಕೆ ಲಂಡನ್ ಬೆಲೆಯ ಮೇಲೆ ಪ್ರೀಮಿಯಂ ಕೂಡ ಸಿಗುತ್ತದೆ, ಅದನ್ನು ಸೇರಿಸಬೇಕು. ನೆರಳಿನಲ್ಲಿ ಬೆಳೆದ ನಮ್ಮ ಬೀಜಕ್ಕೆ ಎಸ್‌ಪ್ರೆಸೊ ಮಾಡುವವರಲ್ಲಿ ಒಳ್ಳೆ ಹೆಸರಿದೆ. ಒಟ್ಟಿನಲ್ಲಿ ನಿಮಗೆ ಹೇಳಿದ ರೇಟು ಈ ಲೆಕ್ಕಕ್ಕಿಂತ ತೀರಾ ಕೆಳಗಿದ್ದರೆ ಯಾಕೆ ಅಂತ ಕೇಳುವ ಹಕ್ಕು ನಿಮಗಿದೆ.

ಒಂದು ವಿಷಯ ನೀವೂ ಗಮನಿಸಿರುತ್ತೀರಿ. ಲಂಡನ್ ಮಾರುಕಟ್ಟೆ ತೆರೆಯುವುದು ನಮ್ಮ ಮಧ್ಯಾಹ್ನ. ಅಲ್ಲಿ ಇಳಿದರೆ ಇಲ್ಲಿ ಸಂಜೆಯೊಳಗೆ ಇಳಿದಿರುತ್ತದೆ. ಏರಿದರೆ ಮಾತ್ರ ‘ನಾಳೆ ನೋಡೋಣ, ಇನ್ನೂ ಪಾರ್ಟಿ ಹೇಳಿಲ್ಲ’ ಅನ್ನುವ ಮಾತು ಬರುತ್ತದೆ. ಬ್ರೆಜಿಲ್ ಮಳೆ ನಿಜವಾದರೂ ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಕಾಫಿ ಮಂಡಳಿ ದಿನದ ಬೆಲೆ ಪ್ರಕಟಿಸುತ್ತದೆ. ಅದನ್ನು ನೋಡದೆ ವ್ಯಾಪಾರಿಗೆ ಫೋನ್ ಮಾಡಬೇಡಿ.

ಲಂಡನ್ ನಿಮ್ಮ ಕೈಯಲ್ಲಿಲ್ಲ, ಔಟ್‌ಟರ್ನ್ ಇದೆ. ಔಟ್‌ಟರ್ನ್‌ನ ಒಂದು ಪಾಯಿಂಟಿಗೆ, ಅಂದರೆ ಒಂದು ಕಿಲೋ ಬೀಜಕ್ಕೆ, 400 ರೂಪಾಯಿ ನಡೆಯುತ್ತಿದ್ದರೆ 26ರ ಚೀಲಕ್ಕೆ 10,400, 28ರ ಚೀಲಕ್ಕೆ 11,200. ಚೀಲಕ್ಕೆ 800 ರೂಪಾಯಿ ವ್ಯತ್ಯಾಸ, 60 ಚೀಲಕ್ಕೆ 48,000. ಎಷ್ಟೋ ಸಣ್ಣ ಬೆಳೆಗಾರರು ರೇಟಿಗೆ ಅರ್ಧ ಗಂಟೆ ಚೌಕಾಸಿ ಮಾಡಿ, ಔಟ್‌ಟರ್ನ್ ಎಷ್ಟು ಅಂತ ವ್ಯಾಪಾರಿ ಹೇಳಿದ್ದನ್ನು ಒಪ್ಪಿಕೊಂಡು ಬಂದುಬಿಡುತ್ತಾರೆ. ಸ್ಯಾಂಪಲ್ ತೆಗೆಯುವಾಗ ಪಕ್ಕದಲ್ಲೇ ನಿಲ್ಲಿ. ಒಂದೇ ಚೀಲದಿಂದ ತೆಗೆಯಲು ಬಿಡಬೇಡಿ. ಮಾರುವ ಮೊದಲೇ ಬೇರೆ ಕಡೆ ಒಮ್ಮೆ ಪರೀಕ್ಷೆ ಮಾಡಿಸಿ ಚೀಟಿ ಇಟ್ಟುಕೊಳ್ಳಿ. ರೋಬಸ್ಟಾ ಚೆರ್ರಿಯ ತೇವಾಂಶ ಶೇ 11 ಇರಬೇಕು. ಹಸಿ ಜಾಸ್ತಿ ಇದ್ದರೆ ತೂಕದಲ್ಲಿ ಕಡಿತ, ಮೇಲಿಂದ ಬೂಷ್ಟು. ಬೂಷ್ಟು ಹಿಡಿದ ಬೀಜದಲ್ಲಿ ಓಕ್ರಾಟಾಕ್ಸಿನ್ ಎಂಬ ವಿಷ ಸೇರಿಕೊಳ್ಳಬಹುದು, ಯೂರೋಪಿನಲ್ಲಿ ಅದಕ್ಕೆ ಕಟ್ಟುನಿಟ್ಟಿನ ಮಿತಿ ಇದೆ. ತೀರಾ ಒಣಗಿಸಿದರೂ ನಷ್ಟ ನಿಮ್ಮದೇ.

ಇಷ್ಟು ಏರಿಳಿತ ಮೊದಲು ಇರಲಿಲ್ಲ ಅಂತ ನಿಮ್ಮ ಮನೆಯ ಹಿರಿಯರು ಹೇಳಿರಬಹುದು. ಅದು ಸರಿ. 1940ರ ದಶಕದಿಂದ ನಮ್ಮಲ್ಲಿ ಪೂಲ್ ಪದ್ಧತಿ ಇತ್ತು. ಬೆಳೆದ ಕಾಫಿಯನ್ನೆಲ್ಲ ಮಂಡಳಿಗೆ ಕೊಡಬೇಕು, ಅದು ಮಾರಿ ಕಂತು ಕಂತಾಗಿ ದುಡ್ಡು ಕೊಡುತ್ತದೆ. ಜಗತ್ತಿನ ಮಟ್ಟದಲ್ಲೂ 1962ರ ಕಾಫಿ ಒಪ್ಪಂದದ ಪ್ರಕಾರ ಯಾವ ದೇಶ ಎಷ್ಟು ರಫ್ತು ಮಾಡಬೇಕು ಎಂಬ ಕೋಟಾ ಇತ್ತು. 1989ರ ಜುಲೈನಲ್ಲಿ ಆ ಕೋಟಾ ಬಿದ್ದುಹೋಯಿತು, ಬೆಲೆ ಅರ್ಧಕ್ಕೆ ಕುಸಿಯಿತು. ನಮ್ಮಲ್ಲಿ ಪೂಲ್ ಹಂತ ಹಂತವಾಗಿ ಸಡಿಲವಾಗಿ 1996ರಲ್ಲಿ ಪೂರ್ತಿ ಹೋಯಿತು. ಪೂಲ್ ವ್ಯವಸ್ಥೆ ಚಿನ್ನದಂಥದ್ದು ಅಂತ ನಾನು ಹೇಳುವುದಿಲ್ಲ. ದುಡ್ಡು ತಡವಾಗಿ ಬರುತ್ತಿತ್ತು, ಹೊರಗಿನ ಬೆಲೆ ಏರಿದಾಗ ಬೆಳೆಗಾರನಿಗೆ ಅದು ಪೂರ್ತಿ ತಲುಪುತ್ತಿರಲಿಲ್ಲ. ಅದನ್ನು ತೆಗೆಯಿರಿ ಅಂತ ಹೋರಾಡಿದವರು ಬೆಳೆಗಾರರೇ. ಆದರೆ ಅದು ಹೋದ ದಿನದಿಂದ ಲಂಡನ್‌ಗೂ ಐದು ಎಕರೆ ತೋಟಕ್ಕೂ ನಡುವೆ ತಡೆ ಅನ್ನುವುದು ಉಳಿಯಲಿಲ್ಲ.

ಅದರ ಪೆಟ್ಟು ಬೇಗನೇ ಬಿತ್ತು. 1990ರಿಂದ 2000ದೊಳಗೆ ವಿಯೆಟ್ನಾಂ ಕಾಫಿ ಸುಮಾರು ಹತ್ತು ಪಟ್ಟು ಬೆಳೆಯಿತು, ಅದೂ ಹೆಚ್ಚುಕಡಿಮೆ ಎಲ್ಲ ರೋಬಸ್ಟಾ. ಬ್ರೆಜಿಲ್‌ನಲ್ಲೂ ಒಳ್ಳೆ ಬೆಳೆ. 2001ರಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟ್‌ಗಿಂತ ಕೆಳಗೆ ಹೋಯಿತು. ನಿಕರಾಗುವಾದಲ್ಲಿ ಕೆಲಸ ಕಳೆದುಕೊಂಡ ತೋಟದ ಕಾರ್ಮಿಕರು ಮಕ್ಕಳುಮರಿ ಕಟ್ಟಿಕೊಂಡು ರಸ್ತೆ ಬದಿಯಲ್ಲಿ ಗುಡಿಸಲು ಹಾಕಿಕೊಂಡರು. ನಿಮ್ಮ ಪಕ್ಕದ ವಯನಾಡಿನಲ್ಲಿ ಕಾಫಿ, ಮೆಣಸು ಎರಡೂ ಒಟ್ಟಿಗೆ ಬಿದ್ದು ಸಾಲಗಾರ ರೈತರು ಜೀವ ಕಳೆದುಕೊಂಡರು. ಅದೇ ವರ್ಷಗಳಲ್ಲಿ ಯೂರೋಪಿನ, ಅಮೆರಿಕದ ಅಂಗಡಿಗಳಲ್ಲಿ ಒಂದು ಕಪ್ ಕಾಫಿ ಬೆಲೆ ಇಳಿಯಲಿಲ್ಲ.

ಈಗ ಕಪ್ಪಿನ ಲೆಕ್ಕಕ್ಕೆ ಬರೋಣ. ಒಂದು ಕಿಲೋ ಕ್ಲೀನ್ ಕಾಫಿ ಹುರಿದರೆ ಸುಮಾರು 830 ಗ್ರಾಂ ಉಳಿಯುತ್ತದೆ. ಕಪ್ಪಿಗೆ 18 ಗ್ರಾಂ ಹಾಕಿದರೆ 46 ಕಪ್. ನಿಮ್ಮ ರೋಬಸ್ಟಾದಲ್ಲೇ ಮಾಡಿದರು ಅಂತ ಇಟ್ಟುಕೊಂಡರೆ, ಚೀಲಕ್ಕೆ 3,500 ಇದ್ದಾಗ ನಿಮ್ಮ ಕಿಲೋ ಬೀಜಕ್ಕೆ ಬಿದ್ದದ್ದು 135 ರೂಪಾಯಿ. ಅಂದರೆ ಕಪ್ಪಿಗೆ 3 ರೂಪಾಯಿ. ಚೀಲ 10,400 ಆದಾಗ ಕಪ್ಪಿಗೆ 9 ರೂಪಾಯಿಯ ಹತ್ತಿರ. 250ರಲ್ಲಿ 9. ಉಳಿದದ್ದೆಲ್ಲ ಕೆಫೆಯವರ ಲಾಭ ಅಂತ ತಿಳಿಯಬೇಡಿ. ಬಾಡಿಗೆ, ಸಂಬಳ, ಹಾಲು, ಕರೆಂಟು, ತೆರಿಗೆ ಎಲ್ಲ ಅದರಲ್ಲಿದೆ. ಆದರೆ ಒಂದು ಮಾತು ಇದರಿಂದ ಸ್ಪಷ್ಟ. ನಿಮ್ಮ ಬೆಲೆ ಮೂರು ಪಟ್ಟು ಆದರೂ ಕುಡಿಯುವವರಿಗೆ ಕಪ್ಪಿಗೆ ಆರು ರೂಪಾಯಿ ಹೊರೆ. ರೈತರಿಗೆ ಜಾಸ್ತಿ ಕೊಟ್ಟರೆ ಗ್ರಾಹಕರು ಕುಡಿಯುವುದನ್ನೇ ಬಿಡುತ್ತಾರೆ ಅನ್ನುವ ಮಾತನ್ನು ನಂಬಬೇಡಿ.

ಜರ್ಮನಿಯ ಲೆಕ್ಕ ಕೇಳಿದರೆ ಇನ್ನೂ ಬೇಸರವಾಗುತ್ತದೆ. ಅಲ್ಲಿ ಹುರಿದ ಕಾಫಿಯ ಮೇಲೆ ಕಿಲೋಗೆ 2.19 ಯೂರೋ ಕಾಫಿ ತೆರಿಗೆ ಇದೆ. 2019ರಲ್ಲಿ ಯೂರೋ ಸುಮಾರು 80 ರೂಪಾಯಿ ಇತ್ತು, ಅಂದರೆ 175 ರೂಪಾಯಿ ತೆರಿಗೆ. ಅದೇ ಒಂದು ಕಿಲೋ ಹುರಿದ ಕಾಫಿಗೆ ಬೇಕಾದ 1.2 ಕಿಲೋ ಬೀಜಕ್ಕೆ ಆ ವರ್ಷ ನಿಮಗೆ ಸಿಕ್ಕಿದ್ದು 162 ರೂಪಾಯಿ. ಕಾಫಿ ಗಿಡವೇ ಇಲ್ಲದ ದೇಶದ ಖಜಾನೆಗೆ, ಗಿಡ ನೆಟ್ಟು, ಗೊಬ್ಬರ ಹಾಕಿ, ಕಪಾತು ಮಾಡಿ, ಕೊಯ್ದವರಿಗಿಂತ ಜಾಸ್ತಿ ಹೋಯಿತು.

ಇಷ್ಟು ಓದಿದ ಮೇಲೆ ಎಲ್ಲ ಕಷ್ಟಕ್ಕೂ ಬೆಲೆಯೇ ಕಾರಣ ಅನ್ನಿಸಬಹುದು. ನನ್ನ ಅಭಿಪ್ರಾಯ ಬೇರೆ. ಬಡ ದೇಶಗಳ ಸಣ್ಣ ರೈತರನ್ನು ಈ ಸರಪಳಿ ಬೆಲೆಗಿಂತ ಜಾಸ್ತಿ ಹಿಡಿದಿಟ್ಟಿರುವುದು ಸಮಯದಲ್ಲಿ. ಕಾಯಬಲ್ಲವರು ಬೆಲೆಯನ್ನು ಆರಿಸಿಕೊಳ್ಳುತ್ತಾರೆ. ಕಾಯಲಾಗದವರು ಸಿಕ್ಕಿದ್ದನ್ನು ತೆಗೆದುಕೊಳ್ಳುತ್ತಾರೆ. ಹ್ಯಾಂಬರ್ಗ್‌ನ ವ್ಯಾಪಾರ ಸಂಸ್ಥೆಗೆ ಗೋದಾಮಿದೆ, ಬ್ಯಾಂಕ್ ಸಾಲವಿದೆ, ಬೆಲೆ ಬಿದ್ದರೂ ನಷ್ಟವಾಗದಂತೆ ಲಂಡನ್‌ನಲ್ಲಿ ಮುಂಗಡ ಒಪ್ಪಂದ ಮಾಡಿಕೊಳ್ಳುವ ದಾರಿಯಿದೆ. ಅಲ್ಲಿ ಒಂದು ರೋಬಸ್ಟಾ ಒಪ್ಪಂದವೆಂದರೆ 10 ಟನ್. ನಿಮ್ಮ 60 ಚೀಲದ ಬೀಜ ಒಂದೂವರೆ ಟನ್. ನೀವು ಆ ಬಾಗಿಲಿನ ಒಳಗೆ ಹೋಗುವಂತೆಯೇ ಇಲ್ಲ. ನಿಮಗೆ ಜನವರಿಯಲ್ಲಿ ಕೊಯ್ಲು, ವಾರಕ್ಕೊಮ್ಮೆ ಬಟವಾಡೆ, ಆಮೇಲೆ ಸ್ಪ್ರಿಂಕ್ಲರ್‌ಗೆ ಡೀಸೆಲ್, ಮಾರ್ಚ್ ಹೊತ್ತಿಗೆ ಸಾಲದ ಕಂತು. ಎಲ್ಲರಿಗೂ ಒಂದೇ ಸಲ ದುಡ್ಡು ಬೇಕು, ಎಲ್ಲರೂ ಒಂದೇ ಸಲ ಮಾರುತ್ತಾರೆ.

ಕಾಯುವ ಶಕ್ತಿ ಬಂದರೆ ಏನಾಗುತ್ತದೆ ಅನ್ನುವುದಕ್ಕೆ ವಿಯೆಟ್ನಾಂ ನೋಡಿ. 2023-24ರಲ್ಲಿ ಅಲ್ಲಿ ಬರ. ಅಷ್ಟರಲ್ಲಿ ಎಷ್ಟೋ ರೈತರು ಕಾಫಿ ತೆಗೆದು ಡುರಿಯನ್ ಹಣ್ಣು ಹಾಕಿದ್ದರು. ಹಣ್ಣಿನ ದುಡ್ಡು ಕೈಯಲ್ಲಿದ್ದ ಕಾರಣ ಕಾಫಿ ಮಾರುವ ಅವಸರ ಇರಲಿಲ್ಲ, ಮನೆಯಲ್ಲೇ ಇಟ್ಟುಕೊಂಡರು. ಮೊದಲೇ ಕಡಿಮೆ ಬೆಲೆಗೆ ಒಪ್ಪಿಕೊಂಡಿದ್ದ ಮಧ್ಯವರ್ತಿಗಳಲ್ಲಿ ಹಲವರು ಮಾಲು ಕೊಡಲಿಲ್ಲ. ಕೆಂಪು ಸಮುದ್ರದ ದಾಳಿಗಳಿಂದ ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾಯಿತು. ಬ್ರೆಜಿಲ್‌ನಲ್ಲೂ ಬರ ಬಂತು. ನಿಮ್ಮ ಚೀಲ 10,000 ದಾಟಿದ ಹಿಂದಿನ ಕಾರಣಗಳಿವು. ಆದರೆ 2023ರ ಕೊನೆಯಲ್ಲಿ ಮುಂಗಡ ತೆಗೆದುಕೊಂಡು ರೇಟು ಕಟ್ಟಿಸಿಕೊಂಡವರಿಗೆ ಆ ಏರಿಕೆ ಸಿಗಲಿಲ್ಲ.

ಕಾದವರೆಲ್ಲ ಗೆಲ್ಲುತ್ತಾರೆ ಅಂತಲೂ ಇಲ್ಲ. 2025ರ ಫೆಬ್ರುವರಿಯಲ್ಲಿ ಲಂಡನ್ ರೋಬಸ್ಟಾ 5,500 ಡಾಲರ್ ದಾಟಿತ್ತು. ಜುಲೈ ಹೊತ್ತಿಗೆ 3,500ರ ಕೆಳಗೆ. ಇನ್ನೂ ಏರುತ್ತದೆ ಅಂತ ಪೂರ್ತಿ ಕಾಫಿ ಇಟ್ಟುಕೊಂಡವರು ಕೈ ಸುಟ್ಟುಕೊಂಡರು.

ಹಾಗಾದರೆ ಸರ್ಕಾರವೇ ಬೆಲೆ ಕಟ್ಟಿದರೆ? ಘಾನಾದಲ್ಲಿ ಕೋಕೋಗೆ ಹಾಗೇ ಇದೆ. 2024ರಲ್ಲಿ ಕೋಕೋ ಟನ್ನಿಗೆ 10,000 ಡಾಲರ್ ದಾಟಿದಾಗ ಅಲ್ಲಿನ ಮಂಡಳಿ ಬೆಳೆಯ ದೊಡ್ಡ ಭಾಗವನ್ನು ಮೊದಲೇ ಮಾರಿಬಿಟ್ಟಿತ್ತು. ರೈತರಿಗೆ ಏರಿಕೆಯ ಸ್ವಲ್ಪ ಭಾಗ ಮಾತ್ರ ಸಿಕ್ಕಿತು, ಮಾಲು ಗಡಿ ದಾಟಿ ಕಳ್ಳದಾರಿಯಲ್ಲಿ ಹೋಯಿತು. ನನಗೆ ಹೆಚ್ಚು ಇಷ್ಟವಾಗುವುದು ಕೊಲಂಬಿಯಾದ ದಾರಿ. ಅಲ್ಲಿ 1927ರಲ್ಲಿ ಹುಟ್ಟಿದ ಬೆಳೆಗಾರರ ಒಕ್ಕೂಟ ಇದೆ. ಅದು ಬೆಲೆ ಹೀಗೇ ಇರುತ್ತದೆ ಅನ್ನುವ ಭರವಸೆ ಕೊಡುವುದಿಲ್ಲ. ದಿನದ ಬೆಲೆ ಪ್ರಕಟಿಸುತ್ತದೆ, ಆ ಬೆಲೆಗೆ ಯಾವ ರೈತ ತಂದರೂ ನಗದು ಕೊಟ್ಟು ಕೊಳ್ಳುತ್ತೇವೆ ಅನ್ನುತ್ತದೆ. ಊರಿನಲ್ಲಿ ಇಂಥ ಒಬ್ಬ ಖರೀದಿದಾರ ಇದ್ದರೆ ಉಳಿದ ವ್ಯಾಪಾರಿಗಳೂ ಅದಕ್ಕಿಂತ ತೀರಾ ಕೆಳಗೆ ಕೇಳುವಂತಿಲ್ಲ. ನಮ್ಮಲ್ಲಿ ಸಹಕಾರ ಸಂಘಗಳು ಈ ಕೆಲಸ ಗಟ್ಟಿಯಾಗಿ ಮಾಡಬೇಕಿತ್ತು.

ಯೂರೋಪಿನ ಕಾನೂನಿನ ವಿಷಯ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್, ತಾಳೆ ಎಣ್ಣೆ ಮೊದಲಾದವು ಅಲ್ಲಿಗೆ ಬರಬಾರದು ಅನ್ನುವುದು ಅದರ ತಿರುಳು. ಎಲ್ಲಿ ಬೆಳೆದದ್ದು ಅನ್ನುವುದಕ್ಕೆ ಜಾಗದ ಗುರುತು ಬೇಕು. ಜಾರಿ ದಿನಾಂಕ ಎರಡು ಸಲ ಮುಂದೆ ಹೋಗಿ, ಈಗ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ ಕೊನೆ, ಸಣ್ಣವುಗಳಿಗೆ 2027ರ ಜೂನ್ ಕೊನೆ ಅಂತ ಆಗಿದೆ. ಮುಂದೆ ಹೋಗುತ್ತಿದೆ ಅಂತ ಸುಮ್ಮನಿರಬೇಡಿ, ದಾಖಲಿಸಿ. ಕಾಫಿ ಮಂಡಳಿಯ ಆ್ಯಪ್‌ನಲ್ಲಿ ಅದಕ್ಕೆ ವ್ಯವಸ್ಥೆ ಇದೆ. ನಾಲ್ಕು ಹೆಕ್ಟೇರ್, ಅಂದರೆ ಸುಮಾರು ಹತ್ತು ಎಕರೆ ಮೀರದ ತೋಟಕ್ಕೆ ಆ ಕಾನೂನಿನ ಪ್ರಕಾರ ಒಂದು ಬಿಂದು ಗುರುತಿಸಿದರೂ ಸಾಕು.

ಕಷ್ಟ ಇರುವುದು ಫೋನಿನಲ್ಲಲ್ಲ, ಪಹಣಿಯಲ್ಲಿ. ಕೊಡಗಿನಲ್ಲಿ ಎಷ್ಟೋ ಮನೆಗಳ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೋ ಇಡೀ ಒಕ್ಕದ (ಕೊಡವ ಮನೆತನದ) ಹೆಸರಿನಲ್ಲೋ ಇದೆ. ತೋಟ ಮಾಡುವವರು ಒಬ್ಬರು, ದಾಖಲೆಯಲ್ಲಿ ಹತ್ತು ಜನ. ಅದನ್ನು ಸರಿಮಾಡಲು ಈಗಿನಿಂದಲೇ ತಾಲ್ಲೂಕು ಕಚೇರಿಗೆ ಓಡಾಡಬೇಕು. ಕಾಡು ಉಳಿಯಬೇಕು ಅನ್ನುವುದರಲ್ಲಿ ನನಗೆ ಎರಡು ಮಾತಿಲ್ಲ, ಮರದ ನೆರಳಿನಲ್ಲಿ ಕಾಫಿ ಬೆಳೆಯುವ ನಿಮಗೂ ಇರಲಾರದು. ಆದರೆ ದಾಖಲೆ ಒದಗಿಸುವ ಹೊರೆ ಬೀಳುವುದು ಸರಪಳಿಯ ಅತೀ ಸಣ್ಣವರ ಮೇಲೆ. ಇಥಿಯೋಪಿಯಾದಲ್ಲಿ ಅರ್ಧ ಹೆಕ್ಟೇರೂ ಇಲ್ಲದ ಲಕ್ಷಾಂತರ ಮನೆಗಳಿವೆ, ಒಂದೊಂದು ಪಲ್ಪಿಂಗ್ ಕೇಂದ್ರದಲ್ಲಿ (ಹಣ್ಣಿನ ಸಿಪ್ಪೆ ಬಿಡಿಸುವ ಜಾಗ) ಎಷ್ಟೋ ಮನೆಗಳ ಹಣ್ಣು ಬೆರೆಯುತ್ತದೆ. ಯಾವ ಹಣ್ಣು ಯಾರದು ಅಂತ ಅವರು ಹೇಗೆ ತೋರಿಸಬೇಕು? ದಾಖಲೆಗೆ ತಕ್ಕ ಹೆಚ್ಚಿನ ಬೆಲೆ ಕೊಡಬೇಕು ಅಂತ ಆ ಕಾನೂನಿನಲ್ಲಿ ಎಲ್ಲೂ ಇಲ್ಲ.

ಇಲ್ಲಿ ಇನ್ನೊಂದು ಮಾತು ಹೇಳಬೇಕು, ನೀವು ಕೇಳದಿದ್ದರೂ. ಈ ಸರಪಳಿಯ ಕೊನೆಯಲ್ಲಿರುವುದು ನೀವಲ್ಲ. ನಿಮ್ಮ ತೋಟಕ್ಕೆ ಕೊಯ್ಲಿಗೆ ಬರುವವರು, ಅಸ್ಸಾಂನಿಂದಲೋ ಜಾರ್ಖಂಡ್‌ನಿಂದಲೋ ಬಂದು ಲೈನ್ ಮನೆಯಲ್ಲಿ ಇರುವವರು. ಚೀಲ 3,500 ಇದ್ದಾಗ ಕೂಲಿ ಏರಿಸಲು ಆಗಲಿಲ್ಲ, ಒಪ್ಪುತ್ತೇನೆ. 10,000 ಆದಾಗ ಅವರ ಪಾಲು ಎಷ್ಟು ಏರಿತು ಅನ್ನುವ ಲೆಕ್ಕವನ್ನೂ ಕಪ್ಪಿನ ಲೆಕ್ಕದ ಜೊತೆಗೇ ಮಾಡಿ.

ಇಟ್ಟುಕೊಳ್ಳುವುದಾ, ಮಾರುವುದಾ? ನನ್ನ ಸಲಹೆ, 60 ಚೀಲವನ್ನೂ ಒಂದೇ ದಿನ ಮಾರಬೇಡಿ. ಕೂಲಿ, ಗೊಬ್ಬರ, ಸಾಲದ ಕಂತಿಗೆ ಎಷ್ಟು ಬೇಕೋ ಅಷ್ಟನ್ನು ಕೊಯ್ಲಿನ ಹೊತ್ತಿಗೇ ಮಾರಿ, ರೇಟಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಉಳಿದದ್ದರಲ್ಲಿ ಅರ್ಧವನ್ನು ನಿಮ್ಮ ಖರ್ಚಿನ ಮೇಲೆ ಒಳ್ಳೆ ಲಾಭ ಸಿಕ್ಕಿದ ದಿನ ಕೊಟ್ಟುಬಿಡಿ. ಇನ್ನರ್ಧ ಇಟ್ಟು ನೋಡಿ, ಆದರೆ ಮಳೆಗಾಲ ಹಿಡಿಯುವ ಮೊದಲು ತೀರ್ಮಾನ ಮಾಡಿ. ಮನೆಯಲ್ಲಿ ಜಾಗ ಸರಿ ಇಲ್ಲದಿದ್ದರೆ ಮಳೆಗಾಲದಲ್ಲಿ ಚೆರ್ರಿ ತೇವ ಎಳೆದುಕೊಳ್ಳುತ್ತದೆ. ನಿಮ್ಮ ಸಹಕಾರ ಸಂಘದಲ್ಲಿ ದಾಸ್ತಾನಿನ ಮೇಲೆ ಅಡಮಾನ ಸಾಲ ಕೊಡುತ್ತಾರಾ ಅಂತ ಕೇಳಿ. ಆ ಸಾಲ ಸಿಕ್ಕರೆ ಅವಸರಕ್ಕೆ ಮಾರುವುದು ತಪ್ಪುತ್ತದೆ. ವ್ಯಾಪಾರಿಯ ಗೋದಾಮಿನಲ್ಲಿ ಇಟ್ಟು ‘ರೇಟು ಆಮೇಲೆ ಫಿಕ್ಸ್ ಮಾಡೋಣ’ ಅನ್ನುವ ಪದ್ಧತಿ ನಿಮ್ಮ ಕಡೆ ಜಾಸ್ತಿ. ಚೀಲದ ಲೆಕ್ಕ, ಔಟ್‌ಟರ್ನ್, ದಿನಾಂಕ ಬರೆದು ಸಹಿ ಮಾಡಿದ ಚೀಟಿ ಇಲ್ಲದೆ ಹಾಗೆ ಮಾಡಲೇಬೇಡಿ. ವ್ಯಾಪಾರಿ ಮುಳುಗಿದರೆ ನಿಮ್ಮ ಕಾಫಿಯೂ ಮುಳುಗುತ್ತದೆ.

ಮರಕ್ಕೆ ಹಬ್ಬಿಸಿದ ಮೆಣಸಿದ್ದರೆ ಅದನ್ನು ಜೋಪಾನ ಮಾಡಿ. ಚೆನ್ನಾಗಿ ಒಣಗಿದ ಮೆಣಸು ವರ್ಷಗಟ್ಟಲೆ ಕೆಡುವುದಿಲ್ಲ, ಕಾಯುವ ಶಕ್ತಿ ಕೊಡುವುದೇ ಅದು. ಆದರೆ ಅದಕ್ಕೂ ವಿಯೆಟ್ನಾಂ ನೆರಳಿದೆ. ಅಲ್ಲಿನ ಮೆಣಸು ಶ್ರೀಲಂಕಾ ದಾರಿಯಲ್ಲಿ ಕಡಿಮೆ ಸುಂಕಕ್ಕೆ ಬಂದು ನಮ್ಮ ಬೆಲೆ ಬಿದ್ದಾಗ, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಹಾಕಬೇಕಾಯಿತು.

ಕೊನೆಗೆ ಮಗಳ ಮಾತು. ಬೇಡ ಅನ್ನಬೇಡಿ, ಆದರೆ ಲೆಕ್ಕ ಹಾಕಿಸಿ. ಒಂದು ಚೀಲ ಚೆರ್ರಿಯಿಂದ 21 ಕಿಲೋ ಪುಡಿ ಬರುತ್ತದೆ. ಕಿಲೋಗೆ 700ರಂತೆ ಮಾರಿದರೆ 14,700. ಚೆರ್ರಿಯಾಗಿಯೇ ಮಾರಿದ್ದರೆ 10,400 ಬರುತ್ತಿತ್ತು. ನಡುವಿನ 4,300ರಲ್ಲಿ ಸಿಪ್ಪೆ ತೆಗೆಯುವುದು, ಹುರಿಯುವುದು, ಪ್ಯಾಕೆಟ್, ಕೊರಿಯರ್ ಎಲ್ಲ ಆಗಬೇಕು. ಚೆರ್ರಿ ಬೆಲೆ ಬಿದ್ದ ವರ್ಷ ಈ ಅಂತರ ದೊಡ್ಡದಾಗುತ್ತದೆ, ಪುಡಿ ವ್ಯಾಪಾರ ನಿಮ್ಮನ್ನು ಕಾಪಾಡುವುದು ಆಗಲೇ. 60 ಚೀಲವನ್ನೂ ಪುಡಿ ಮಾಡಿದರೆ ತಿಂಗಳಿಗೆ ಒಂದೊಂದು ಕಿಲೋ ಕೊಳ್ಳುವ ನೂರಕ್ಕಿಂತ ಜಾಸ್ತಿ ಮನೆಗಳು ವರ್ಷವಿಡೀ ಬೇಕು. ಅಷ್ಟು ಜನ ಮೊದಲ ವರ್ಷವೇ ಸಿಗುವುದಿಲ್ಲ. ಐದು ಚೀಲದಿಂದ ಶುರು ಮಾಡಲಿ. ತಿಂಗಳಿಗೆ ಅರ್ಧ ಕಿಲೋ ಕೊಳ್ಳುವ ಹದಿನೇಳು, ಹದಿನೆಂಟು ಮನೆ ಸಾಕು, ಬೆಂಗಳೂರಿನಲ್ಲಿರುವ ನೆಂಟರು, ಗೆಳತಿಯರಲ್ಲೇ ಸಿಕ್ಕಾರು. ಆಹಾರ ಸುರಕ್ಷತಾ ನೋಂದಣಿ ಮಾತ್ರ ಮೊದಲೇ ಮಾಡಿಸಿ. ಆ ಐದು ಚೀಲಕ್ಕೆ ಪೂರ್ತಿ ಕೆಂಪಾದ ಹಣ್ಣನ್ನೇ ಆರಿಸಿ ಕೊಯ್ಸಿ, ಸಿಮೆಂಟ್ ಕಣದಲ್ಲಿ ಬೇರೆಯಾಗಿ ಒಣಗಿಸಿ, ಉಳಿದ 55 ಚೀಲದ ಜೊತೆ ಬೆರೆಸಬೇಡಿ.